ಏದೆನ್ ತೋಟದಿಂದ ನಮ್ಮ ಮನೆಯ ಮೂಲೆಗೆ: ಕ್ರಿಸ್ಮಸ್ ಮರ ನಡೆದುಬಂದ ದಾರಿ



ಆಗಮನ ಕಾಲದ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಪ್ರಭುವಿನ ಜನನದ ವೃತ್ತಾಂತವನ್ನು ಓದಿ ಹೇಳುತ್ತಿದ್ದೆವು. ಸಂತ ಲೂಕರು ಬರೆದಿರುವ ಆ ಭಾಗವನ್ನು ಎಷ್ಟು ಸಾರಿ ಓದಿದರೂ ಅದು ಹಳೆಯದಾಗುವುದಿಲ್ಲ. ಓದು ಮುಗಿಯುತ್ತಿದ್ದಂತೆ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಗೋದಲಿ ಬಂತು, ಕುರಿಗಾಹಿಗಳು ಬಂದರು, ದೇವದೂತರೂ ಬಂದರು. ನಮ್ಮನೇಲಿ ಇಡ್ತೀವಲ್ಲ ಕ್ರಿಸ್ಮಸ್ ಮರ, ಅದು ಯಾಕೆ ಬರಲೇ ಇಲ್ಲ?"

ಮಕ್ಕಳೆಲ್ಲ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಉತ್ತರ ನಮ್ಮ ನಾಲಿಗೆಯ ತುದಿಯಲ್ಲಿ ಇರಲಿಲ್ಲ! ಬೆತ್ಲೆಹೇಮಿನಲ್ಲಿ ಅಂತಹ ಮರ ಇರಲಿಲ್ಲ, ಶುಭಸಂದೇಶದಲ್ಲಿ ಅದರ ಸುದ್ದಿಯಿಲ್ಲ. ಹಾಗಿದ್ದ ಮೇಲೆ ಪ್ರತಿವರ್ಷ ಡಿಸೆಂಬರ್ ಬಂತೆಂದರೆ ನಾವು ಅದನ್ನು ಮನೆಯೊಳಗೆ ತಂದು ನಿಲ್ಲಿಸುವುದೇಕೆ? ನಮ್ಮ ಅಪ್ಪ ಅವ್ವ ನಿಲ್ಲಿಸುತ್ತಿದ್ದರು, ಆದ್ದರಿಂದ ನಾವೂ ನಿಲ್ಲಿಸುತ್ತೇವೆ ಎಂಬುದು ಒಂದು ಉತ್ತರ. ಅದು ಸಣ್ಣ ಉತ್ತರವೇನಲ್ಲ. ಆದರೆ ಅಷ್ಟೇ ಆದರೆ, ನಮ್ಮ ಮಕ್ಕಳ ಮಕ್ಕಳಿಗೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಈ ಮರದ ಚರಿತ್ರೆಯನ್ನು ಒಮ್ಮೆ ಹಿಂದಿರುಗಿ ನೋಡೋಣ.

ಸಂತ ಬೋನಿಫಾಸರ ಕೊಡಲಿ

ಹಬ್ಬದ ಪ್ರಬೋಧನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಸಂತ ಬೋನಿಫಾಸರ ಕಥೆ. ಇಂಗ್ಲೆಂಡಿನಲ್ಲಿ ಹುಟ್ಟಿ ಜರ್ಮನಿಯ ಪ್ರದೇಶಗಳಿಗೆ ಶುಭಸಂದೇಶ ಸಾರಲು ಹೋದ ಈ ಸಂತರು ಸುಮಾರು 723ರಲ್ಲಿ ಗೈಸ್ಮಾರ್ ಎಂಬಲ್ಲಿ, ಗುಡುಗಿನ ದೇವತೆಗೆ ಮೀಸಲಾಗಿದ್ದ ದೊಡ್ಡ ಓಕ್ ಮರವೊಂದನ್ನು ಕಡಿದರು. ಆ ಓಕ್ ಮರದ ಬುಡದಲ್ಲೇ ಒಂದು ಪುಟ್ಟ ಫರ್ ಸಸಿ ಇತ್ತೆಂದೂ, ಅದನ್ನು ತೋರಿಸಿ "ಇದು ಬಾಲಯೇಸುವಿನ ಮರ" ಎಂದು ಜನರಿಗೆ ಬೋಧಿಸಿದರೆಂದೂ ಕಥೆ ಮುಂದುವರಿಯುತ್ತದೆ.

ಕಥೆ ಚೆಂದವಾಗಿದೆ. ಆದರೆ ಚರಿತ್ರೆ ಎಂದಾಗ ಸತ್ಯಕ್ಕೆ ಮೊದಲ ಸ್ಥಾನ ಕೊಡಬೇಕಲ್ಲವೇ? ಬೋನಿಫಾಸರು 754ರಲ್ಲಿ ರಕ್ತಸಾಕ್ಷಿಯಾದ ಕೆಲವೇ ವರ್ಷಗಳಲ್ಲಿ ವಿಲ್ಲಿಬಾಲ್ಡ್ ಎಂಬ ಗುರುಗಳು ಅವರ ಜೀವನ ಚರಿತ್ರೆಯನ್ನು ಬರೆದರು. ಅದರಲ್ಲಿ ಓಕ್ ಮರ ಕಡಿದ ಸಂಗತಿ ಇದೆ; ಆ ಮರದ ದಿಮ್ಮಿಗಳಿಂದಲೇ ಸಂತ ಪೇತ್ರರ ಹೆಸರಿನಲ್ಲಿ ಪ್ರಾರ್ಥನಾಲಯ ಕಟ್ಟಿದ ಸಂಗತಿಯೂ ಇದೆ. ಆದರೆ ಫರ್ ಸಸಿಯ ಮಾತಿಲ್ಲ. ಅದು ಬಹುಕಾಲದ ನಂತರ ಜನರ ಭಕ್ತಿ ಸೇರಿಸಿದ ಚಿಗುರು. ಅರಳಿಮರಕ್ಕೆ ಕೈಮುಗಿಯುವ ನೆರೆಹೊರೆಯವರೊಡನೆ ಅಕ್ಕರೆಯಿಂದ ಬಾಳುವ ನಮಗೆ ಮರ ಕಡಿದ ಕಥೆಗಿಂತ ಮರವನ್ನು ಮನೆಗೆ ಕರೆತಂದ ಕಥೆಯೇ ಹೆಚ್ಚು ಹತ್ತಿರದ್ದು. ಆ ಕಥೆ ಬೇರೊಂದು ಕಡೆ ಇದೆ.

ಡಿಸೆಂಬರ್ 24: ಆದಾಮ ಹವ್ವೆಯರ ದಿನ

ಮಧ್ಯಯುಗದ ಯುರೋಪಿನಲ್ಲಿ ಡಿಸೆಂಬರ್ 24ನೆಯ ದಿನವನ್ನು ಜನರು ಆದಾಮ ಹವ್ವೆಯರ ದಿನವೆಂದು ನೆನೆಯುತ್ತಿದ್ದರು. ಪಾಪಕ್ಕೆ ಬಿದ್ದ ಮೊದಲ ಮಾನವರ ನೆನಪು ಇಂದು, ಪಾಪದಿಂದ ಎತ್ತಲು ಬಂದ ಹೊಸ ಆದಾಮನ ಜನನ ನಾಳೆ! ಎಂತಹ ಸುಂದರವಾದ ಜೋಡಣೆ ನೋಡಿ. ಪುಸ್ತಕ ಓದಲು ಬಾರದ ಜನರಿಗೆ ವಿಶ್ವಾಸದ ಸತ್ಯಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಆ ಕಾಲದಲ್ಲಿ ನಾಟಕಗಳನ್ನು ಆಡುತ್ತಿದ್ದರು. ಏದೆನ್ ತೋಟದ ನಾಟಕವೂ ಅವುಗಳಲ್ಲಿ ಒಂದು.

ಏದೆನ್ ತೋಟವೆಂದರೆ ಮರ ಬೇಕು, ಮರದಲ್ಲಿ ಹಣ್ಣು ಬೇಕು. ಆದರೆ ಜರ್ಮನಿಯ ಚಳಿಗಾಲದಲ್ಲಿ ಸೇಬಿನ ಮರ ಎಲೆ ಉದುರಿಸಿ ಬರಲಾಗಿ ನಿಂತಿರುತ್ತದೆ. ಹಸಿರಾಗಿ ಉಳಿದಿರುವುದು ಫರ್‌ನಂತಹ ನಿತ್ಯಹಸಿರಿನ ಮರಗಳು ಮಾತ್ರ. ಆದ್ದರಿಂದ ಫರ್ ಮರವನ್ನು ತಂದು ಅದಕ್ಕೆ ಕೆಂಪು ಸೇಬುಗಳನ್ನು ಕಟ್ಟಿದರು. ಆದಿಕಾಂಡದಲ್ಲಿ ಆ ಹಣ್ಣು ಸೇಬು ಎಂದು ಎಲ್ಲಿಯೂ ಹೇಳಿಲ್ಲ. ಲತೀನ್ ಭಾಷೆಯಲ್ಲಿ ಕೇಡು ಎಂಬುದಕ್ಕೂ ಸೇಬು ಎಂಬುದಕ್ಕೂ ಒಂದೇ ಬಗೆಯ ಪದವಿರುವುದರಿಂದ ಸೇಬೇ ಆ ಹಣ್ಣೆಂಬ ಭಾವನೆ ಪಶ್ಚಿಮದ ಜನರಲ್ಲಿ ಬೇರೂರಿತು.

ನಮ್ಮ ಕ್ರಿಸ್ಮಸ್ ಮರದ ಬೇರು ಇಲ್ಲಿದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಇಂದು ಮರಕ್ಕೆ ನೇತುಹಾಕುವ ಕೆಂಪು ಗಾಜಿನ ಗುಂಡು ಬರಿಯ ಅಲಂಕಾರವಲ್ಲ. ಅದು ಆದಾಮನ ಕೈಯ ಸೇಬು; ನಮ್ಮ ಪಾಪದ ನೆನಪು! ಜರ್ಮನಿಯ ಲೌಷಾ ಎಂಬ ಊರಿನ ಗಾಜಿನ ಕೆಲಸಗಾರರು 19ನೆಯ ಶತಮಾನದಲ್ಲಿ ಗಾಜಿನ ಗುಂಡುಗಳನ್ನು ಊದಿ ಮಾರಲು ತೊಡಗಿದ ಮೇಲೆ ಸೇಬಿನ ಜಾಗಕ್ಕೆ ಗಾಜು ಬಂದು ಕುಳಿತಿತು.

ಪೌರಸಭೆಯ ಲೆಕ್ಕದ ಪುಸ್ತಕ

ನಾಟಕದ ಮರ ಮನೆಯೊಳಗೆ ಬಂದದ್ದು ಯಾವಾಗ? ಇಂದು ಫ್ರಾನ್ಸ್ ದೇಶಕ್ಕೆ ಸೇರಿರುವ ಅಲ್ಸಾಸ್ ಪ್ರಾಂತ್ಯದಲ್ಲಿ ಸೆಲೆಸ್ಟಾ ಎಂಬ ಪಟ್ಟಣವಿದೆ. ಅಲ್ಲಿಯ ಹಳೆಯ ಗ್ರಂಥಾಲಯದಲ್ಲಿ 1521ನೆಯ ಇಸವಿಯ ಲೆಕ್ಕದ ಪುಸ್ತಕವೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಸಂತ ತೋಮಾಸರ ಹಬ್ಬದ ದಿನದಿಂದ ಹಬ್ಬದ ಮರಗಳನ್ನು ಕಾಯುವ ಅರಣ್ಯ ಕಾವಲುಗಾರರಿಗೆ ನಾಲ್ಕು ಶಿಲಿಂಗ್ ಕೊಡಬೇಕೆಂದು ಅದರಲ್ಲಿ ಬರೆದಿದೆ. ಕಾವಲು ಹಾಕಬೇಕಾಯಿತೆಂದರೆ ಏನರ್ಥ? ಜನರು ಹಬ್ಬಕ್ಕೆಂದು ಕಾಡಿಗೆ ನುಗ್ಗಿ ಮರ ಕಡಿದು ತರುವಷ್ಟು ಈ ಪದ್ಧತಿ ಆಗಲೇ ಬೆಳೆದಿತ್ತು!

ಸಂತ ತೋಮಾಸರ ಹಬ್ಬ ಜುಲೈ 3ರಂದಲ್ಲವೇ ಎಂದು ನೀವು ಕೇಳಬಹುದು. 1969ರ ಪೂಜಾ ಪಂಚಾಂಗದ ಸುಧಾರಣೆಗೆ ಮುಂಚೆ ನಮ್ಮ ರೋಮನ್ ಪಂಚಾಂಗದಲ್ಲಿ ಅದು ಡಿಸೆಂಬರ್ 21ಕ್ಕೆ ಬರುತ್ತಿತ್ತು. ಭಾರತದ ಪ್ರೇಷಿತರ ಹಬ್ಬದ ದಿನವೇ ದೂರದ ಆ ಪಟ್ಟಣದಲ್ಲಿ ಮರಗಳ ಕಾವಲು ಆರಂಭವಾಗುತ್ತಿತ್ತೆಂಬುದು ನಮಗೆ ಸಂತೋಷದ ಸಂಗತಿ.

ಇನ್ನೊಂದು ಮಾತು. ಮಾರ್ಟಿನ್ ಲೂಥರ್ ಅವರೇ ಮೊದಲ ಕ್ರಿಸ್ಮಸ್ ಮರಕ್ಕೆ ದೀಪ ಹಚ್ಚಿದರೆಂದು ಹೇಳುವುದುಂಟು. ಅದಕ್ಕೆ ಆಧಾರವಿಲ್ಲ. ಧರ್ಮಸಭೆಯ ಒಡಕು ಆರಂಭವಾದದ್ದು 1517ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಕಾವಲು ಬೇಕಾಗುವಷ್ಟು ಬೆಳೆದಿದ್ದ ಪದ್ಧತಿ ಆ ಒಡಕಿಗಿಂತ ಹಳೆಯದೇ ಇರಬೇಕು. ಆದ್ದರಿಂದ ಈ ಮರ ಅವರದು, ಇದು ನಮ್ಮದು ಎಂಬ ವಾದ ಬೇಡ. ಒಂದೇ ಮನೆಯಾಗಿದ್ದಾಗ ನೆಟ್ಟದ್ದನ್ನು ಇಬ್ಬರೂ ನೀರೆರೆದು ಬೆಳೆಸಿದರು.

1570ರ ಹೊತ್ತಿಗೆ ಬ್ರೆಮೆನ್ ಪಟ್ಟಣದ ಕಸುಬುದಾರರ ಸಂಘದ ಮನೆಯಲ್ಲಿ ಸೇಬು, ಖರ್ಜೂರ, ಕಾಗದದ ಹೂವುಗಳನ್ನು ಕಟ್ಟಿದ ಪುಟ್ಟ ಮರವನ್ನು ನಿಲ್ಲಿಸುತ್ತಿದ್ದರು. ಹಬ್ಬದ ದಿನ ಆ ತಿನಿಸುಗಳೆಲ್ಲ ಸಂಘದವರ ಮಕ್ಕಳ ಪಾಲು. 1605ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದ ಮನೆಗಳ ಬಗ್ಗೆ ಹೆಸರು ತಿಳಿಯದ ಒಬ್ಬರು ಬರೆದಿಟ್ಟಿದ್ದಾರೆ: ಜನರು ಕೋಣೆಯೊಳಗೆ ಫರ್ ಮರ ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿನಿಸು ಮತ್ತು ಓಸ್ತಿಯಂತಹ ತೆಳುವಾದ ಬಿಲ್ಲೆಗಳನ್ನು ಕಟ್ಟುತ್ತಿದ್ದರಂತೆ. ಸೇಬಿನ ಪಕ್ಕದಲ್ಲಿ ಓಸ್ತಿಯಂತಹ ಬಿಲ್ಲೆ! ಒಂದು ಹಣ್ಣನ್ನು ತಿಂದು ಸಾವು ಬಂತು, ಒಂದು ರೊಟ್ಟಿಯನ್ನು ತಿಂದು ಜೀವ ಬಂತು. ಒಂದೇ ಮರದ ಕೊಂಬೆಯಲ್ಲಿ ರಕ್ಷಣೆಯ ಚರಿತ್ರೆಯೆಲ್ಲ ತೂಗುತ್ತಿತ್ತು.

ಆದರೆ ಎಲ್ಲರಿಗೂ ಇದು ಹಿಡಿಸಲಿಲ್ಲ. 1640ರ ದಶಕದಲ್ಲಿ ಅದೇ ಸ್ಟ್ರಾಸ್‌ಬರ್ಗಿನ ದಾನ್‌ಹೌವರ್ ಎಂಬ ಲೂಥೆರನ್ ದೈವಶಾಸ್ತ್ರಜ್ಞರು, ಮರಕ್ಕೆ ಬೊಂಬೆ, ಸಕ್ಕರೆ ತಿನಿಸು ಕಟ್ಟಿ ಮಕ್ಕಳನ್ನು ರಮಿಸುವುದಕ್ಕಿಂತ ಅವರಿಗೆ ಕ್ರಿಸ್ತನನ್ನು ತೋರಿಸುವುದು ಮೇಲೆಂದು ಎಚ್ಚರಿಸಿದರು. ಅವರ ಮಾತು ಅಂದಿಗೆ ಕಟುವಾಗಿ ಕಂಡಿರಬಹುದು. ಇಂದಿನ ಅಂಗಡಿಗಳ ಬೀದಿಯಲ್ಲಿ ನಿಂತು ನೋಡಿದರೆ ಅದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ.

ಒಬ್ಬ ರಾಜಕುಮಾರಿಯ ಬಾಲ್ಯದ ನೆನಪು

ಈ ಮರ ಮನುಷ್ಯರ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಒಂದು ಪತ್ರ ಸಾಕ್ಷಿಯಾಗಿದೆ. 1652ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಎಲಿಜಬೆತ್ ಷಾರ್ಲೊಟ್ ಎಂಬ ರಾಜಕುಮಾರಿ ಹುಟ್ಟಿದಳು. ತಂದೆ ತಾಯಿಯರ ಸಂಸಾರ ಒಡೆದಿತ್ತು. ಏಳು ವರ್ಷದ ಹುಡುಗಿಯನ್ನು ಹಾನೋವರ್‌ನಲ್ಲಿದ್ದ ಸೋದರತ್ತೆಯ ಮನೆಗೆ ಕಳುಹಿಸಿದರು. ಅತ್ತೆ ಅವಳನ್ನು ಮಗಳಂತೆ ಸಾಕಿದಳು. ಅಲ್ಲಿ ಕಳೆದ ನಾಲ್ಕು ವರ್ಷಗಳೇ ಅವಳ ಬಾಳಿನ ಸಿಹಿಯಾದ ದಿನಗಳು.

1671ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ತಮ್ಮನೊಂದಿಗೆ ಅವಳ ಮದುವೆಯಾಯಿತು. ಅದಕ್ಕಾಗಿ ಕಥೋಲಿಕ ಧರ್ಮಸಭೆಗೆ ಸೇರಿದಳು. ಮುಂದೆ 1688ರಿಂದ ಆರಂಭವಾದ ಯುದ್ಧದಲ್ಲಿ, ಅವಳ ಆಸ್ತಿಯ ಹಕ್ಕನ್ನೇ ನೆಪ ಮಾಡಿಕೊಂಡು ದೊರೆಯ ಸೈನ್ಯ ಅವಳ ತವರುನಾಡಿಗೆ ಬೆಂಕಿ ಹಚ್ಚಿತು. ಹುಟ್ಟೂರು ಹೈಡೆಲ್‌ಬರ್ಗ್ ಸುಟ್ಟುಹೋಯಿತು. ತವರು ಸುಟ್ಟವರ ಅರಮನೆಯಲ್ಲೇ ಅವಳು ಬಾಳಬೇಕಾಯಿತು.

1708ರ ಡಿಸೆಂಬರ್ ತಿಂಗಳಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಆಕೆ ಬರೆದ ಪತ್ರವೊಂದರಲ್ಲಿ ಆ ಹಳೆಯ ಹಬ್ಬ ಕಣ್ಣೆದುರು ಬರುತ್ತದೆ. ಮಕ್ಕಳಿಗಾಗಿ ಮೇಜುಗಳನ್ನು ಬಲಿಪೀಠದಂತೆ ಸಿಂಗರಿಸುತ್ತಿದ್ದರು. ಹೊಸ ಬಟ್ಟೆ, ಬೊಂಬೆ, ಸಿಹಿತಿಂಡಿ ಜೋಡಿಸುತ್ತಿದ್ದರು. ಮೇಜಿನ ಮೇಲೆ ಸಣ್ಣೆಲೆಯ ನಿತ್ಯಹಸಿರಿನ ಗಿಡವಿಟ್ಟು ಒಂದೊಂದು ಕೊಂಬೆಗೂ ಒಂದೊಂದು ಮೇಣದ ಬತ್ತಿ ಹಚ್ಚುತ್ತಿದ್ದರು ಎಂದು ಆಕೆ ನೆನೆಯುತ್ತಾಳೆ. ಹಬ್ಬದ ಮರಕ್ಕೆ ದೀಪ ಹಚ್ಚಿದ್ದನ್ನು ಹೇಳುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು.

ಗಮನಿಸಿ, ಪ್ರಿಯರೇ. ಜಗತ್ತಿನ ಅತಿ ವೈಭವದ ಅರಮನೆಯಲ್ಲಿ ಕುಳಿತಿದ್ದ ಆ ಹೆಂಗಸಿಗೆ ನೆನಪಾದದ್ದು ವೆರ್ಸಾಯಿನ ಸಾವಿರ ದೀಪಗಳಲ್ಲ. ಅನಾಥೆಯಂತಾಗಿದ್ದ ಮಗುವಿಗೆ ಅತ್ತೆಯ ಮನೆಯಲ್ಲಿ ಹಚ್ಚಿಟ್ಟ ನಾಲ್ಕಾರು ಬತ್ತಿಗಳು. ಸುಟ್ಟ ನಗರದ ಆಚೆಯೂ ಆ ಬತ್ತಿಗಳು ಆರಿರಲಿಲ್ಲ.

ಗೋದಲಿಯ ಪಕ್ಕಕ್ಕೆ ಬಂದ ಮರ

ಆ ಕಾಲದಲ್ಲಿ ಕಥೋಲಿಕರ ಮನೆಗಳಲ್ಲಿ ಮರಕ್ಕಿಂತ ಗೋದಲಿಗೇ ಆದ್ಯತೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ನಿಲ್ಲಿಸಿ ಬೆತ್ಲೆಹೇಮನ್ನು ಜನರ ಕಣ್ಣೆದುರಿಗೆ ತಂದರು. ಅಂದಿನಿಂದ ಗೋದಲಿ ನಮ್ಮದಾಯಿತು. ಪ್ರೊಟೆಸ್ಟೆಂಟರ ಮನೆಯಲ್ಲಿ ಮರ, ಕಥೋಲಿಕರ ಮನೆಯಲ್ಲಿ ಗೋದಲಿ ಎಂಬಂತೆ ಬಹುಕಾಲ ನಡೆಯಿತು.

ಈ ಗೋಡೆಯನ್ನು ದಾಟಿಸಿದವರು ಯಾರು? ಯಾವ ಸಭೆಯ ನಿರ್ಣಯವೂ ಅಲ್ಲ. ಹೆಚ್ಚಿನ ಕಡೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು! 1816ರಲ್ಲಿ ಕಥೋಲಿಕ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ರಾಜಮನೆತನಕ್ಕೆ ಸೊಸೆಯಾಗಿ ಬಂದಿದ್ದ ಪ್ರೊಟೆಸ್ಟೆಂಟ್ ರಾಜಕುಮಾರಿ ಹೆನ್ರಿಯೆಟ್ ತನ್ನ ಮಗುವಿಗಾಗಿ ಮರ ನಿಲ್ಲಿಸಿದಳು. ಅದನ್ನು ನೋಡಿ ಉಳಿದ ಮನೆಗಳೂ ನಿಲ್ಲಿಸಿದವು. ಇಂಗ್ಲೆಂಡಿನಲ್ಲಿ 1800ರಲ್ಲೇ ಜರ್ಮನ್ ಮೂಲದ ರಾಣಿ ಷಾರ್ಲೊಟ್ ಮಕ್ಕಳಿಗಾಗಿ ಮರ ಸಿಂಗರಿಸಿದ್ದಳು. 1832ರಲ್ಲಿ ಹದಿಮೂರು ವರ್ಷದ ವಿಕ್ಟೋರಿಯಾ ತನ್ನ ದಿನಚರಿಯಲ್ಲಿ ದೀಪಗಳನ್ನೂ ಸಕ್ಕರೆ ತಿನಿಸುಗಳನ್ನೂ ತೂಗುಹಾಕಿದ್ದ ಮರಗಳ ಬಗ್ಗೆ ಸಂತೋಷದಿಂದ ಬರೆದುಕೊಂಡಳು. ಅವಳೇ ರಾಣಿಯಾಗಿ, 1848ರಲ್ಲಿ ಗಂಡ ಮಕ್ಕಳೊಡನೆ ಮರದ ಸುತ್ತ ನಿಂತಿದ್ದ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ, ಇಂಗ್ಲಿಷರ ಮನೆಮನೆಗೂ ಮರ ಬಂತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ 80 ವಿದ್ಯುದ್ದೀಪಗಳನ್ನು ಕಟ್ಟಿದರು. ಇಂದಿನ ನಮ್ಮ ಸೀರಿಯಲ್ ಸೆಟ್ಟಿನ ತಾತ ಅದು.

ಕೊನೆಗೆ ಮರ ರೋಮಿಗೂ ಬಂತು. 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲರ ಕಾಲದಲ್ಲಿ ಸಂತ ಪೇತ್ರರ ಚೌಕದಲ್ಲಿ ಮೊದಲ ಬಾರಿಗೆ ಕ್ರಿಸ್ಮಸ್ ಮರ ನಿಂತಿತು. ಪೋಲೆಂಡಿನ ಮಗುವಾಗಿ ತಾವು ಕಂಡು ಬೆಳೆದ ಮರವನ್ನು ಅವರು ಜಗತ್ತಿನ ಕಥೋಲಿಕರ ಅಂಗಳಕ್ಕೆ ತಂದರು. ತಮ್ಮ ಬಾಳಿನ ಕೊನೆಯ ಕ್ರಿಸ್ಮಸ್ ಸಮಯದಲ್ಲಿ, 2004ರ ಡಿಸೆಂಬರ್ 19ರ ಮಧ್ಯಾಹ್ನದ ಪ್ರಾರ್ಥನೆಯ ವೇಳೆ ಅವರು ಈ ಮರದ ಬಗ್ಗೆ ಮಾತನಾಡಿದರು. ಚಳಿಗಾಲದಲ್ಲೂ ಹಸಿರಾಗಿರುವ ಈ ಮರ ಸಾಯದ ಜೀವದ ಗುರುತು. ಅದು ಜೀವವೃಕ್ಷವನ್ನೂ, ದೇವರು ಮಾನವರಿಗೆ ಕೊಟ್ಟ ಅತಿ ದೊಡ್ಡ ಕಾಣಿಕೆಯಾದ ಕ್ರಿಸ್ತನನ್ನೂ ನೆನಪಿಸುತ್ತದೆ ಎಂಬುದು ಅವರ ಮಾತಿನ ಸಾರ.

ಧರ್ಮಸಭೆಯ ಅನೇಕ ಆಚರಣೆಗಳು ಬಲಿಪೀಠದಿಂದ ಮನೆಗೆ ಬಂದವು. ಈ ಮರ ಮಾತ್ರ ಮನೆಯಿಂದ ಹೊರಟು ಪೇತ್ರರ ಚೌಕಕ್ಕೆ ಹೋಯಿತು. ಅದನ್ನು ಕೈಹಿಡಿದು ನಡೆಸಿದವರು ತಂದೆ ತಾಯಿಯರು, ಅತ್ತೆ ಅಜ್ಜಿಯರು. ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ನಮ್ಮ ನಾಡಿನ ಸರ್ವೆಕೊಂಬೆ

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಫರ್ ಮರ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಲಾಲ್‌ಬಾಗಿನ ಅರಕೇರಿಯ ಮರಗಳನ್ನು ಕಂಡು "ಅಗೋ ಕ್ರಿಸ್ಮಸ್ ಮರ" ಎಂದು ನಾವು ಮಕ್ಕಳಾಗಿದ್ದಾಗ ಬೆರಗಾಗುತ್ತಿದ್ದೆವು. ಅವು ದೂರದ ಪೆಸಿಫಿಕ್ ದ್ವೀಪಗಳ ಸಂತತಿ. ಹಳ್ಳಿಯಲ್ಲಿ ನಮ್ಮ ಪಾಲಿಗೆ ಒದಗಿದ್ದು ಸರ್ವೆ ಮರ. ಕೆಲವರು ಅದನ್ನು ಗಾಳಿಮರ ಎನ್ನುತ್ತಾರೆ. ಅದೂ ನಮ್ಮ ಮಣ್ಣಿನದಲ್ಲ. ಸೌದೆಗಾಗಿ 1868ರ ಸುಮಾರಿಗೆ ನಮ್ಮ ಕಾರವಾರದ ಕಡಲತೀರದಲ್ಲಿ ಅದನ್ನು ನೆಟ್ಟರು. ಮುಂದೆ ಅದು ಒಳನಾಡಿನ ತೋಪುಗಳಿಗೂ ಹಬ್ಬಿತು. ಮನೆ ಕಟ್ಟುವವರು ಸಾರುವೆಗೆ ಅದರ ಕಂಬ ಕೊಳ್ಳುತ್ತಿದ್ದರು. ಸೂಜಿಯಂತಹ ಅದರ ಎಲೆಗಳು ನಿಜವಾಗಿ ಎಲೆಗಳೇ ಅಲ್ಲ, ಸಣ್ಣ ರೆಂಬೆಗಳಂತೆ. ಆದರೇನು? ಹೊರದೇಶದ ಹಬ್ಬದ ಮರದ ಜಾಗದಲ್ಲಿ, ಹೊರದೇಶದಿಂದ ಬಂದು ನಮ್ಮದೇ ಆದ ಮರ ನಿಂತಿತು.

ಡಿಸೆಂಬರ್ ಮೊದಲ ವಾರ ದಾಟಿತೆಂದರೆ ಅವ್ವ ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಿದ್ದಳು. ಹಬ್ಬದ ಹೊತ್ತಿಗೆ ಅದು ಗೇಣುದ್ದದ ಹಸಿರಾಗಿ ಗೋದಲಿಯ ಸುತ್ತಲ ಹೊಲವಾಗುತ್ತಿತ್ತು. ಅಪ್ಪ ಬಿದಿರು ಸೀಳಿ ನಕ್ಷತ್ರ ಕಟ್ಟುತ್ತಿದ್ದ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪಕ್ಕದ ಗೌಡರ ತೋಪಿಗೆ ಹೋಗಿ, ಕೇಳಿಕೊಂಡು, ಸರ್ವೆಯ ಒಂದು ಕೊಂಬೆ ಕಡಿದು ತರುತ್ತಿದ್ದ. ಅದನ್ನು ಡಾಲ್ಡಾ ಡಬ್ಬದಲ್ಲಿ ಮರಳು ತುಂಬಿ ನಿಲ್ಲಿಸುವುದು ನಮ್ಮ ಕೆಲಸ. ವರ್ಷವಿಡೀ ಕೂಡಿಟ್ಟ ಚಾಕೊಲೇಟಿನ ಬಣ್ಣದ ಕಾಗದ, ಬೆಂಕಿಪೊಟ್ಟಣಕ್ಕೆ ಸುತ್ತಿದ ಬೇಗಡೆ, ದಿಂಬಿನಿಂದ ಕದ್ದ ಹತ್ತಿ ಇವೇ ನಮ್ಮ ಅಲಂಕಾರ. ಹಿಮವನ್ನು ಕಂಡೇ ಇಲ್ಲದ ನಾವು ಹತ್ತಿಯ ಹಿಮವನ್ನು ಎಷ್ಟು ಜತನದಿಂದ ಹಚ್ಚುತ್ತಿದ್ದೆವು! ಮೇಣದ ಬತ್ತಿ ಕಟ್ಟಲು ಅವ್ವ ಬಿಡುತ್ತಿರಲಿಲ್ಲ. ಸೋಗೆಯ ಮಾಡಿನ ಭಯ ಅವಳಿಗೆ. ರಾತ್ರಿ ಪೂಜೆಗೆ ಹೊರಡುವಾಗ ಕಂದೀಲನ್ನು ಮರದ ಪಕ್ಕಕ್ಕೆ ಇಡುತ್ತಿದ್ದಳು. ಆ ಬೆಳಕಿನಲ್ಲಿ ಬೇಗಡೆ ಮಿನುಗಿದರೆ ನಮಗೆ ಸ್ವರ್ಗ.

ಹಬ್ಬ ಕಳೆದ ಮೇಲೆ ಒಣಗಿದ ಕೊಂಬೆ ನೀರಿನ ಹಂಡೆಯ ಒಲೆಗೆ ಹೋಗುತ್ತಿತ್ತು. ಚಟಪಟ ಉರಿಯುವ ಆ ಸರ್ವೆಯ ಹೊಗೆಯ ವಾಸನೆ ಇಂದಿಗೂ ನಮ್ಮ ಮೂಗಿನಲ್ಲಿದೆ.

ಹುಟ್ಟುವ ಕಂದನಿಗೆ ಜಾಗ

ಒಂದು ವರ್ಷ ನವೆಂಬರ್ ತಿಂಗಳಲ್ಲಿ ಅಪ್ಪ ತೀರಿಕೊಂಡ. ಮೃತರಿಗಾಗಿ ಪ್ರಾರ್ಥಿಸುವ ತಿಂಗಳಲ್ಲೇ ನಮ್ಮ ಮನೆಗೆ ಮರಣ ಬಂತು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ, ಎಣ್ಣೆಯ ಬಾಣಲೆ ಒಲೆಗೇರುವುದಿಲ್ಲ. ಬಂಧುಗಳು ಬಂದು ಹೇಳಿದರು: "ಈ ಸಾರಿ ಏನೂ ಬೇಡ ಅಕ್ಕ. ಪೂಜೆಗೆ ಹೋಗಿ ಬನ್ನಿ, ಸಾಕು." ನಾವು ಮಕ್ಕಳು ಬಾಯಿ ಬಿಡಲಿಲ್ಲ. ಡಾಲ್ಡಾ ಡಬ್ಬವನ್ನು ಯಾರಿಗೂ ಕಾಣದಂತೆ ಕಣಜದ ಹಿಂದೆ ತಳ್ಳಿದೆವು. ಅದನ್ನು ನೋಡಿದರೆ ಅಳು ಬರುತ್ತಿತ್ತು.

ಅವ್ವ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲಿದಳು. ಅತ್ತೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಕಜ್ಜಾಯ ಬೇಡ, ಹೊಸ ಬಟ್ಟೆ ಬೇಡ. ಆದ್ರೆ ಹುಟ್ಟೋ ಕೂಸಿಗೆ ಜಾಗ ಇಲ್ಲ ಅಂತ ಛತ್ರದವರು ಹೇಳಿದ್ರಲ್ಲ, ಆ ಮಾತು ನಮ್ಮನೇಲೂ ಹೇಳ್ಬೇಕಾ?"

ಯಾರೂ ಎದುರು ಮಾತಾಡಲಿಲ್ಲ. ಗೋದಲಿಯ ಕೆಲಸ ಶುರುವಾಯಿತು. ಆದರೆ ಕೊಂಬೆ? ಗೌಡರ ತೋಪಿಗೆ ಹೋಗಿ ಕೇಳುತ್ತಿದ್ದವನು ಅಪ್ಪ. ನಾವು ಹೋಗಲು ಅಳುಕಿದೆವು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಸರ್ವೆಯ ಕೊಂಬೆಯೊಂದು ಒರಗಿತ್ತು. ಪ್ರತಿವರ್ಷದ್ದಕ್ಕಿಂತ ದೊಡ್ಡದು. ಗೌಡರು ಆಗಲೇ ಹೊಲದ ದಾರಿ ಹಿಡಿದಿದ್ದರು. ತಿರುಗಿ ನೋಡಿ, "ನಿಮ್ಮಪ್ಪ ಬರೋ ಹೊತ್ತಾಯ್ತಲ್ಲ ಅಂತ ನಾನೇ ತಂದೆ" ಎಂದರು. ಕ್ರೈಸ್ತರಲ್ಲದ ಆ ಮನುಷ್ಯ ನಮ್ಮ ಹಬ್ಬದ ದಿನವನ್ನು ನಮ್ಮ ತಂದೆಯ ಹೆಜ್ಜೆಯಿಂದ ನೆನಪಿಟ್ಟುಕೊಂಡಿದ್ದರು. ಆ ರಾತ್ರಿ ಪೂಜೆಯಿಂದ ಬಂದಾಗ ಕೇರಿಯ ನಾಲ್ಕು ಮನೆಗಳಿಂದ ಕಜ್ಜಾಯದ ತಟ್ಟೆಗಳು ಬಂದು ಕುಳಿತಿದ್ದವು.

ಆ ವರ್ಷ ಮರಕ್ಕೆ ಹೆಚ್ಚೇನೂ ಕಟ್ಟಲಿಲ್ಲ. ಆದರೆ ನಮ್ಮ ಬಾಲ್ಯದ ಕ್ರಿಸ್ಮಸ್ ಎಂದಾಗ ಮೊದಲು ಕಣ್ಣಿಗೆ ಬರುವುದು ಆ ಬರಿಯ ಹಸಿರು ಕೊಂಬೆ. ದುಃಖದ ಮನೆಯಲ್ಲೂ ಹಸಿರಾಗಿ ನಿಲ್ಲುವುದೇ ಆ ಮರದ ಕೆಲಸವೆಂದು ನಮಗೆ ತಿಳಿದದ್ದು ಅಂದು.

ಮಕ್ಕಳಿಗೆ ಏನು ಹೇಳೋಣ?

ಪ್ರಿಯ ಕುಟುಂಬಗಳೇ, ಇಂದು ನಮ್ಮ ಬಹುತೇಕ ಮನೆಗಳಲ್ಲಿ ಅಟ್ಟದಿಂದ ಇಳಿದು ಬರುವುದು ಪ್ಲಾಸ್ಟಿಕ್ ಮರ. ಅದರಲ್ಲಿ ತಪ್ಪೇನಿಲ್ಲ. ನಗರದಲ್ಲಿ ಬದುಕುವವರು ಕೊಂಬೆಗೆ ಎಲ್ಲಿ ಹೋಗಬೇಕು? ಹಸಿರು ಮರ ಉಳಿದರೆ ಒಳ್ಳೆಯದೇ. ತಪ್ಪಿರುವುದು ಬೇರೆ ಕಡೆ. ಹತ್ತು ನಿಮಿಷದಲ್ಲಿ ಮರ ಜೋಡಿಸಿ, ಸ್ವಿಚ್ ಒತ್ತಿ, ಎಲ್ಲರೂ ತಂತಮ್ಮ ಫೋನಿನ ಕಡೆಗೆ ತಿರುಗಿದರೆ, ಆ ಮರ ಮಗುವಿನ ಎದೆಯಲ್ಲಿ ಬೇರು ಬಿಡುವುದಿಲ್ಲ. ಎಲಿಜಬೆತ್ ಷಾರ್ಲೊಟ್‌ಳ ಎದೆಯಲ್ಲಿ ಐವತ್ತು ವರ್ಷ ಉರಿದ ದೀಪವನ್ನು ಹಚ್ಚಿದ್ದು ಮೇಣವಲ್ಲ, ಅತ್ತೆಯ ಕೈ.

ಆದ್ದರಿಂದ ಈ ಸಲ ಮೂರು ಕೆಲಸ ಮಾಡೋಣ. ಮೊದಲನೆಯದು, ಮರವನ್ನು ಗೋದಲಿಯ ಪಕ್ಕದಲ್ಲೇ ನಿಲ್ಲಿಸೋಣ. ಮರದ ದೀಪ ಬಾಲಯೇಸುವಿನ ಮುಖದ ಮೇಲೆ ಬೀಳಲಿ. ಎರಡನೆಯದು, ಅಲಂಕರಿಸುವಾಗ ಮನೆಯವರೆಲ್ಲ ಕೂಡೋಣ. ಕೆಂಪು ಗುಂಡನ್ನು ಕಟ್ಟುವಾಗ ಆದಾಮ ಹವ್ವೆಯರ ಕಥೆಯನ್ನು ಅಜ್ಜಿ ಹೇಳಲಿ, ನಕ್ಷತ್ರ ಕಟ್ಟುವಾಗ ಜ್ಞಾನಿಗಳ ಕಥೆಯನ್ನು ಅಪ್ಪ ಹೇಳಲಿ. ಏದೆನ್ ತೋಟದ ಮರದಿಂದ ಬಿದ್ದ ನಮ್ಮನ್ನು ಎತ್ತಲು ಪ್ರಭು ಶಿಲುಬೆಯೆಂಬ ಮರವನ್ನು ಏರಿದರು. ಈ ಎರಡು ಮರಗಳ ನಡುವೆ ನಿಂತಿರುವುದೇ ನಮ್ಮ ಮನೆಯ ಕ್ರಿಸ್ಮಸ್ ಮರ ಎಂದು ಮಕ್ಕಳಿಗೆ ತಿಳಿಸೋಣ. ಮೂರನೆಯದು, ನಿಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ಸಾವು ಕಂಡ ಮನೆ ಯಾವುದೆಂದು ನೋಡಿ. ಅವರು ಕರೆಯುವವರೆಗೆ ಕಾಯಬೇಡಿ. ಒಂದು ಕೊಂಬೆಯನ್ನೋ, ಒಂದು ತಟ್ಟೆ ಕಜ್ಜಾಯವನ್ನೋ ಅವರ ಜಗಲಿಗೆ ತಲುಪಿಸಿ ಬನ್ನಿ.

ಆ ಪುಟ್ಟ ಹುಡುಗಿಗೆ ಮುಂದಿನ ಭಾನುವಾರ ನಾವು ಉತ್ತರ ಕೊಟ್ಟೆವು: "ಮಗಳೇ, ಆ ಮರ ಬೈಬಲಿನ ಮೊದಲ ಪುಟಗಳಲ್ಲಿದೆ, ಕೊನೆಯ ಪುಟದಲ್ಲೂ ಇದೆ. ಅದು ಜೀವವೃಕ್ಷ. ನಡುವಿನ ಪುಟಗಳಲ್ಲಿ ಅದು ಶಿಲುಬೆಯಾಗಿ ನಿಂತಿದೆ. ನಿಮ್ಮ ಅಪ್ಪ ಅಮ್ಮ ಅದನ್ನು ಮನೆಗೆ ತರುವುದು ನೀನು ಮರೆಯಬಾರದೆಂದು." ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಾವು ಅದಕ್ಕೆ ನಿಜವಾದ ಸೇಬನ್ನೇ ಕಟ್ತೀವಿ ಸರ್" ಎಂದಳು.

ಹಸಿರು ಬಾಡದ ಆ ಜೀವವೃಕ್ಷದ ಫಲವಾದ ಬಾಲಯೇಸು ನಿಮ್ಮ ಮನೆಗಳನ್ನು, ವಿಶೇಷವಾಗಿ ಈ ವರ್ಷ ಕಣ್ಣೀರಿಟ್ಟ ಮನೆಗಳನ್ನು, ಆಶೀರ್ವದಿಸಲಿ. ನಿಮಗೆಲ್ಲರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು.